ಸೋರುವ ಪಿಕಪ್ಪಿನಲ್ಲಿ ನೆಟ್ಟಣಕ್ಕೆ

ಪಿಕಪ್ಪಿನ ಪವರ್ ಸ್ಟೇರಿಂಗ್ ಪಂಪನ್ನು ಬದಲಿಸುವುದು ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವುದಕ್ಕಿಂತ ದೊಡ್ಡ ಕೆಲಸವೇನಲ್ಲ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿದ ಮೇಲೆ. ಅದರಲ್ಲಿ ಒಬ್ಬ ಮಹಾಶಯ ಬಿಳಿ ಅಂಗಿಗೆ ಒಂದು ಕಲೆಯೂ ಆಗದ ಹಾಗೆ ಹಳೆಯ ಪಂಪನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಕೈ ಒರೆಸಿಕೊಂಡು ನಕ್ಕರು. ಎರಡು ಪೈಪು, ನಾಲ್ಕು ಬೋಲ್ಟು, ಒಂದು ಬೆಲ್ಟು. ಇಷ್ಟಕ್ಕೆ ಯಾರಾದರೂ ಮೆಕ್ಯಾನಿಕ್ಕಿನ ಕಾಲು ಹಿಡಿಯುತ್ತಾರೆಯೆ? ಮಿಕ್ಸಿಯನ್ನು ಬಿಚ್ಚಿ ಜೋಡಿಸಿದ ಹೆಂಗಸು ನಾನು. ಒಂದೇ ಒಂದು ಸ್ಕ್ರೂ ಉಳಿದದ್ದು ಬಿಟ್ಟರೆ ಅದು ಈಗಲೂ ತಿರುಗುತ್ತದೆ.

ಕಾಲು ಹಿಡಿಯಲು ಮೆಕ್ಯಾನಿಕ್ಕೂ ಸಿಗುವ ಹಾಗಿರಲಿಲ್ಲ. ಸುಳ್ಯದ ಗ್ಯಾರೇಜಿನವರು ಬಾನೆಟ್ಟು ಎತ್ತಿ, ಕಿವಿಗೊಟ್ಟು, ಪಂಪು ಹೋಗಿದೆ ಎಂದು ಹೇಳಿ, ತಂಗಿಯ ಮದುವೆಯೆಂದು ಗ್ಯಾರೇಜಿಗೆ ಬೀಗ ಹಾಕಿದ್ದರು. ಮುಂದಿನ ವಾರ ಕಳೆದ ಮೇಲೆ ಬನ್ನಿ ಎಂದರು. ಮುಂದಿನ ವಾರ ಕಳೆಯುವುದರೊಳಗೆ ನನ್ನ ಗಂಡ ಬರುವವರಿದ್ದರು.

ನನ್ನ ಗಂಡನ ಹೆಸರು ಕುಸುಮಾಧರ. ಐವರ್ನಾಡಿನಲ್ಲಿ ರಬ್ಬರು ಮರದ ಹಾಲು ತೆಗೆಯುವ ಟ್ಯಾಪಿಂಗ್ ಮಾಡುತ್ತಲೇ ಬೆಳೆದವರು. ಎರಡು ವರ್ಷದ ಹಿಂದೆ ಆಫ್ರಿಕದ ಒಂದು ರಬ್ಬರು ತೋಟದಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿ ಹೋದರು. ಅಲ್ಲಿ ಮರಗಳು ನಮ್ಮಲ್ಲಿಯ ಹಾಗೆಯೇ ಇವೆಯಂತೆ, ಸಾಲು ಮಾತ್ರ ಮುಗಿಯುವುದೇ ಇಲ್ಲವಂತೆ. ಹೀಗೆಂದು ಅವರು ಒಂದೇ ಒಂದು ಸಲ ಹೇಳಿದ್ದು. ಯಾಕೆಂದರೆ ಫೋನಿನಲ್ಲಿ ಅವರು ಹೆಚ್ಚು ಮಾತಾಡುವ ಜನವಲ್ಲ. ಸಂಜೆ ನಾನು ದನದ ಹಟ್ಟಿಯ ಕೆಲಸ ಮುಗಿಸುವ ಹೊತ್ತಿಗೆ ಫೋನು ಬರುತ್ತದೆ. ಊಟ ಆಯ್ತಾ, ಅಮ್ಮ ಹೇಗಿದ್ದಾರೆ, ಅಲ್ಲಿ ಮಳೆ ಉಂಟಾ. ಇಷ್ಟು ಕೇಳಿ ಆದ ಮೇಲೆ "ಇಡುದಾ ಹಾಗಾದರೆ?" ಎನ್ನುತ್ತಾರೆ. ನಾನು ಹೂಂ ಎನ್ನುವ ಮೊದಲೇ ಇಟ್ಟಿರುತ್ತಾರೆ. ಆಮೇಲೆ ನಾನು ಸ್ವಲ್ಪ ಹೊತ್ತು ಅಂಗಳದಲ್ಲಿದ್ದ ಪಿಕಪ್ಪಿನಲ್ಲಿ ಹೋಗಿ ಕೂತುಕೊಳ್ಳುತ್ತಿದ್ದೆ. ಎಲ್ಲಿಗೂ ಹೋಗುವುದಕ್ಕಲ್ಲ. ಅಲ್ಲಿ ಕೂತರೆ ಯಾರೂ ಏನು ಮಾಡುತ್ತಿದ್ದೀ ಎಂದು ಕೇಳುವುದಿಲ್ಲ.

ಹೋಗುವಾಗ ಅವರು ಆ ಪಿಕಪ್ಪನ್ನು ಮಾರಿಬಿಡು ಎಂದಿದ್ದರು. ಹಳೆಯ ಗಾಡಿ, ರಿಪೇರಿಗೆ ಯಾರು ಓಡಾಡುವುದು ಎಂಬುದು ಅವರ ಚಿಂತೆ. ನಾನು ಮಾರಲಿಲ್ಲ. ನಮ್ಮ ಮತ್ತು ಅಕ್ಕಪಕ್ಕದವರ ರಬ್ಬರು ಶೀಟು ಸುಳ್ಯಕ್ಕೆ ಸಾಗಿಸಿದೆ, ಬೆಟ್ಟಂಪಾಡಿಯಿಂದ ಗಿಡ ತಂದು ಕೊಟ್ಟೆ, ಗಾಡಿಯನ್ನು ಅದರ ಪಾಡಿಗೆ ದುಡಿಯಲು ಬಿಟ್ಟೆ. ಅವರು ನೆಟ್ಟಣ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ರೈಲಿನಿಂದ ಇಳಿಯುವುದೆಂದು ಗೊತ್ತಾದ ಕೂಡಲೇ ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಸಿದ್ಧವಾಗಿ ಹೋಯಿತು. ನಾನು ಹಸಿರು ಸೀರೆ ಉಟ್ಟಿದ್ದೇನೆ. ಅವರು ಎಡಗಡೆ ಸೀಟಿನಲ್ಲಿ ಕೂತಿದ್ದಾರೆ. ತಿರುವುಗಳಲ್ಲಿ ನಾನು ಒಂದೇ ಬೆರಳಿನಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದೇನೆ. ಅವರು ರಸ್ತೆಯನ್ನು ನೋಡದೆ ನನ್ನನ್ನು ನೋಡುತ್ತಿದ್ದಾರೆ. ಈ ಚಿತ್ರದಲ್ಲಿ ಸ್ಟೇರಿಂಗು ಕರು ಕಳಕೊಂಡ ದನದ ಹಾಗೆ ಕೂಗುವುದಕ್ಕೆ ಜಾಗವಿರಲಿಲ್ಲ. ಆದ್ದರಿಂದ ಪಂಪು ಬದಲಾಗಲೇಬೇಕಿತ್ತು. ಅವರಿಗೆ ಇದೆಲ್ಲ ಹೇಳಲಿಲ್ಲ. ಹೇಳಿದರೆ ಬಸ್ಸಿನಲ್ಲಿ ಬರುತ್ತೇನೆ ಎನ್ನುತ್ತಾರೆ.

ಪುತ್ತೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಪಂಪು, ಕೆಂಪು ಆಯಿಲು ಎಲ್ಲ ಕೊಟ್ಟು, ಇದನ್ನು ಹಾಕುವುದು ಯಾರೆಂದು ಕೇಳಿದರು. ನಾನೇ ಎಂದೆ. ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, "ತಾಮ್ರದ ವಾಷರ್ ಬೇಡ್ವಾ ಅಕ್ಕ?" ಎಂದರು. ಪಂಪಿನಿಂದ ಹೊರಡುವ ಗಟ್ಟಿ ಪೈಪನ್ನು ಹಿಡಿದುಕೊಳ್ಳುವ ಬೋಲ್ಟಿಗೆ ಎರಡೂ ಕಡೆ ಅಂಥದೊಂದು ವಾಷರು ಬರುತ್ತದೆ. ವೀಡಿಯೊದ ಮಹಾಶಯರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆ? "ಹಳೆಯದೇ ಚೆಂದ ಉಂಟು" ಎಂದು ಗಂಭೀರವಾಗಿ ಹೇಳಿ ಬಂದೆ. ನನ್ನ ಪತನ ಆರಂಭವಾದದ್ದು ಈ ವಾಕ್ಯದಿಂದ.

ಪಂಪು ಕೂರಿಸುವಾಗ ಅತ್ತೆ ಜಗಲಿಯಲ್ಲಿ ಕೂತು ಹಲಸಿನಕಾಯಿಯ ಸೊಳೆ ಬಿಡಿಸುತ್ತಿದ್ದರು. ಮಗ ಬರುತ್ತಾನೆಂದು ಅವರು ಹಪ್ಪಳದ ಕಾರ್ಖಾನೆಯನ್ನೇ ತೆರೆದಿದ್ದರು. ನಾನು ಬೋಲ್ಟು ಬಿಚ್ಚುತ್ತ ಹೋದೆ, ಅವರು ಸೊಳೆ ಬಿಡಿಸುತ್ತ ಹೋದರು. ಬಿಚ್ಚಿದ್ದೆಲ್ಲ ವಾಪಸು ಹಾಕುವಾಗ ನೆನಪಿರುತ್ತದೆಯೆ ಎಂದು ಒಮ್ಮೆ ಕೇಳಿದರು. ನೆನಪಿದೆ ಎಂದೆ. ಸೊಳೆಗೂ ಬೀಜಕ್ಕೂ ಆ ಕಷ್ಟ ಇಲ್ಲ ನೋಡು ಎಂದು ತಮ್ಮ ಕೆಲಸ ಮುಂದುವರಿಸಿದರು.

ಸಂಜೆಗೆ ಗಾಡಿ ಸ್ಟಾರ್ಟ್ ಆಯಿತು. ಕೂಗು ಇಲ್ಲ. ಸ್ಟೇರಿಂಗು ಹೂವಿನ ಹಾಗೆ. ಅಂಗಳದಲ್ಲಿ ಒಂದೇ ಬೆರಳಿನಲ್ಲಿ ಎರಡು ಸುತ್ತು ಹೊಡೆದೆ. ಆ ದಿನ ಫೋನು ಬಂದಾಗ ಇವರು ಊಟದ ವಿಚಾರಕ್ಕೆ ಹೋಗುವ ಮೊದಲೇ, ನಿನ್ನ ದನಿ ಬೇರೆ ಉಂಟಲ್ಲ ಎಂದರು. ಏನಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಇಟ್ಟರು. ಆ ಸುಮ್ಮನಿದ್ದದ್ದನ್ನೇ ನಾನು ಹಾಸಿಗೆಗೆ ಹೋಗುವವರೆಗೆ ನೆನೆಸಿಕೊಂಡೆ.

ಬೆಳಿಗ್ಗೆ ಅತ್ತೆಯ ಕೂಗಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಪಿಕಪ್ಪಿನ ಅಡಿಯಲ್ಲಿ ಕೆಂಪು ಮಡು. ಕೋಳಿಗಳು ಅದರಲ್ಲಿ ವಾಯುವಿಹಾರ ಮಾಡಿ, ಅಂಗಳ ದಾಟಿ, ಮೆಟ್ಟಲು ಹತ್ತಿ, ಹೊಸ್ತಿಲವರೆಗೆ ಕೆಂಪು ಹೆಜ್ಜೆ ಮೂಡಿಸಿದ್ದವು. ಲಕ್ಷ್ಮಿ ಕೋಳಿಯ ರೂಪದಲ್ಲಿ ಮನೆಗೆ ಬಂದಿದ್ದಾಳೆಂದು ತಿಳಿಯಬಹುದಿತ್ತು. ಅತ್ತೆ ಮಾತ್ರ ಯಾರಿಗೋ ಏನೋ ಆಗಿದೆಯೆಂದೇ ತಿಳಿದು ಪಕ್ಕದ ಮನೆಯ ಶೇಷಪ್ಪಣ್ಣನನ್ನು ಕರೆದಿದ್ದರು. ಅವರು ಹಂದಿ ಓಡಿಸುವ ದೊಣ್ಣೆ ಹಿಡಿದು ಬಂದು, ಬಗ್ಗಿ, ಬೆರಳಿನಲ್ಲಿ ಮುಟ್ಟಿ, ಮೂಸಿ, ನನ್ನನ್ನು ನೋಡಿದರು. "ಸತ್ತದ್ದು ನಿನ್ನ ಪಂಪು ಮಾರಾಯ್ತಿ" ಎಂದು ದೊಣ್ಣೆ ಹೆಗಲಿಗೇರಿಸಿ ಹೋದರು.

ಸೋರಿದರೆ ಬಿಗಿ ಮಾಡಬೇಕು. ಇದಕ್ಕೆ ವೀಡಿಯೊ ಬೇಡ. ಸ್ಪ್ಯಾನರಿನ ಬಾಲಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ, ಕಾಲು ಕೊಟ್ಟು ಬೋಲ್ಟನ್ನು ಬಿಗಿದೆ. ತೊಟ್ಟಿಕ್ಕುತ್ತಿದ್ದದ್ದು ಧಾರೆಯಾಯಿತು. ಹಳೆಯ ವಾಷರುಗಳು ಒಂದು ಸಲ ಒತ್ತಿಸಿಕೊಂಡ ಮೇಲೆ ಇನ್ನೊಮ್ಮೆ ಒತ್ತಿಸಿಕೊಳ್ಳಲು ಒಪ್ಪುವುದಿಲ್ಲವೆಂದು ಆಗ ತಿಳಿಯಿತು. ಸೀಳಿಯೇ ಹೋಗಿದ್ದವು. ಬಸ್ಸು ಹತ್ತಿ ಪುತ್ತೂರಿಗೆ ಹೋದೆ. ಅಂಗಡಿಯವರು ನಾನು ಬಾಯಿ ತೆರೆಯುವ ಮೊದಲೇ ವಾಷರಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಆಯಿಲಿನ ಬಾಟ್ಲಿಯನ್ನೂ ಪಕ್ಕದಲ್ಲಿಟ್ಟರು. ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಒಳ್ಳೆಯದಿತ್ತು.

ಹೊಸ ವಾಷರು ಹಾಕಿದೆ. ಅಲ್ಲಿ ನಿಂತಿತು, ಇನ್ನೊಂದು ಕಡೆ ಶುರುವಾಯಿತು. ಬಾನೆಟ್ಟಿನೊಳಗಿನ ಆಯಿಲಿನ ಡಬ್ಬಿಯಿಂದ ಪಂಪಿಗೆ ಬರುವ ರಬ್ಬರು ಹೋಸು ಹಳೆಯದಾಗಿ ತುದಿಯಲ್ಲಿ ಬಿರಿದಿತ್ತು. ರಬ್ಬರಿನ ವಿಚಾರದಲ್ಲಿ ನಮ್ಮ ಮನೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಿರಿದ ತುದಿಯನ್ನು ಕತ್ತಿಯಿಂದ ನೀಟಾಗಿ ಕತ್ತರಿಸಿದೆ. ಈಗ ಬಿರುಕು ಇಲ್ಲ. ಉದ್ದವೂ ಇಲ್ಲ. ಎಳೆದು ಎಳೆದು ಹೇಗೋ ಪಂಪಿನ ಬಾಯಿಗೆ ತೊಡಿಸಿ, ಕ್ಲಿಪ್ಪು ಹಾಕಿ, ಸ್ಟಾರ್ಟ್ ಮಾಡಿ, ಸ್ಟೇರಿಂಗನ್ನು ಪೂರಾ ಬಲಕ್ಕೆ ತಿರುಗಿಸಿದೆ. ಟಪ್ ಎಂದಿತು. ಹೋಸು ಜಾರಿ ಹೊರಗೆ ಬಿತ್ತು, ಆಯಿಲು ಫ್ಯಾನಿಗೆ ಸಿಕ್ಕಿ ಕಾರಂಜಿಯಾಯಿತು. ಕಾರಂಜಿ ಬಿದ್ದದ್ದು ಅಂಗಳದ ಚಾಪೆಗಳ ಮೇಲೆ. ಚಾಪೆಗಳ ಮೇಲೆ ಅತ್ತೆಯ ಹಪ್ಪಳಗಳಿದ್ದವು.

ನಾನು ಇಂಜಿನ್ನು ಆರಿಸಿ ಇಳಿದೆ. ಅತ್ತೆ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಚಾಪೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದು ಹಪ್ಪಳ ಎತ್ತಿ ಸೀರೆಯ ಸೆರಗಿನಿಂದ ಒರೆಸಿದರು. ಕೆಂಪು ಹೋಗಲಿಲ್ಲ. ಇನ್ನೊಂದು ಎತ್ತಿದರು. ಮಗ ಆಫ್ರಿಕಕ್ಕೆ ಹೋದ ವರ್ಷವೂ ಅವರು ಹಪ್ಪಳ ಮಾಡಿದ್ದರು. ಪಾರ್ಸೆಲ್ ಕಳಿಸುವುದು ಹೇಗೆಂದು ಗೊತ್ತಾಗದೆ ಡಬ್ಬದಲ್ಲೇ ಇಟ್ಟು, ಮಳೆಗಾಲ ಮುಗಿದ ಮೇಲೆ ಮೆತ್ತಗಾದವನ್ನು ದನಕ್ಕೆ ಹಾಕಿದ್ದರು. ಇಬ್ಬರೂ ಒಬ್ಬರನ್ನೇ ಕಾಯುತ್ತಿದ್ದೆವು, ಆದರೆ ಬೇರೆ ಬೇರೆ ಮೂಲೆಯಲ್ಲಿ ಕೂತು ಕಾಯುತ್ತಿದ್ದೆವು. ನಾನೂ ಅವರ ಪಕ್ಕದಲ್ಲಿ ಕೂತು ಒರೆಸತೊಡಗಿದೆ. ನನ್ನ ಕೈಯಲ್ಲೇ ಆಯಿಲಿದ್ದ ಕಾರಣ ಚೊಕ್ಕಟವಾಗಿದ್ದ ಹಪ್ಪಳಗಳೂ ಹಾಳಾದವು.

"ಬಿಡು ಹೇಮಾ," ಎಂದರು ಅತ್ತೆ. "ಅವನು ಬಂದರೆ ಸಾಕು. ಹಪ್ಪಳ ಎಂತ, ಇನ್ನೊಮ್ಮೆ ಮಾಡುವ."

ಹೋಸನ್ನು ಮತ್ತೆ ತೊಡಿಸಿ, ಒಂದರ ಬದಲು ಎರಡು ಕ್ಲಿಪ್ಪು ಬಿಗಿದೆ. ಅದು ಹಿಡಿಯಿತು. ಆದರೂ ಎಲ್ಲಿಂದಲೋ ಸ್ವಲ್ಪ ಸ್ವಲ್ಪ ಸೋರುತ್ತಲೇ ಇತ್ತು. ಎಲ್ಲ ಕಡೆಯೂ ಎಣ್ಣೆ ಮೆತ್ತಿಕೊಂಡಿದ್ದರಿಂದ ಮೂಲ ಸಿಗಲಿಲ್ಲ. ಮತ್ತೆ ಮೊಬೈಲು ನೋಡಿದೆ. ಎಲ್ಲವನ್ನೂ ಒರೆಸಿ, ಮೈಗೆ ಹಾಕುವ ಪೌಡರನ್ನು ಉದುರಿಸಿ ಇಂಜಿನ್ನು ಓಡಿಸಬೇಕಂತೆ. ಆಯಿಲು ಹೊರಡುವ ಕಡೆ ಪೌಡರು ಒದ್ದೆಯಾಗಿ ಗೊತ್ತಾಗುತ್ತದಂತೆ.

ಮನೆಯಲ್ಲಿ ಪೌಡರೆಂದು ಇದ್ದದ್ದು ಒಂದೇ ಡಬ್ಬಿ. ಇವರದ್ದು. ಬಚ್ಚಲಿನ ಗೂಡಿನಲ್ಲಿ, ಅವರು ಬಿಟ್ಟು ಹೋದಲ್ಲೇ ಇತ್ತು. ಗಂಧದ ಪರಿಮಳದ್ದು. ಮುಗಿದು ಹೋಗುತ್ತದೆಂದು ನಾನು ಅದನ್ನು ಮುಟ್ಟುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಮುಚ್ಚಳ ತಿರುಗಿಸಿ, ಮೂಸಿ, ಮುಚ್ಚುತ್ತಿದ್ದೆ. ನಾಡಿದ್ದು ಬರುತ್ತಾರಲ್ಲ, ಇನ್ನೇಕೆ ಜಿಪುಣತನ ಎಂದುಕೊಂಡು ಅರ್ಧ ಡಬ್ಬಿಯನ್ನು ಪಂಪಿಗೆ ಅಭಿಷೇಕ ಮಾಡಿ ಇಂಜಿನ್ನು ಸ್ಟಾರ್ಟ್ ಮಾಡಿದೆ.

ಬಿಸಿ ಏರಿದ ಹಾಗೆ ಪರಿಮಳ ಎದ್ದಿತು. ಬಾನೆಟ್ಟಿನಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ಗೆರಸೆ ಹಿಡಿದುಕೊಂಡೇ ಹೊರಗೆ ಬಂದರು. ಬಂದವರು ಬಚ್ಚಲಿನ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕುಸುಮ ಮಿಂದು ಬಂದ ಹಾಗೆ ಆಯ್ತು ನಂಗೆ," ಎಂದರು.

ನನಗೂ ಹಾಗೇ ಆಗಿತ್ತು. ಇಬ್ಬರೂ ಪಿಕಪ್ಪಿನ ಮುಂದೆ, ದೇವರ ಮುಂದೆ ನಿಂತ ಹಾಗೆ ನಿಂತೆವು. ಬೆನ್ನಿಗೆ ನೀರಿನ ಹನಿ ಅಂಟಿಕೊಂಡು, ಟವೆಲು ಹೆಗಲಿಗೆ ಹಾಕಿ, ಚಹಾ ಆಯ್ತಾ ಎಂದು ಕೇಳುತ್ತ ಒಬ್ಬರು ಹಿಂದಿನಿಂದ ಬಂದರೂ ಆಶ್ಚರ್ಯವಾಗುತ್ತಿರಲಿಲ್ಲ. ಎಷ್ಟು ಹೊತ್ತು ನಿಂತೆವೋ. ಪೌಡರೆಲ್ಲ ಬಿಸಿಗೆ ಕಂದಿ, ಎಣ್ಣೆಗೆ ಕೆಸರಾಗಿ ಹೋಯಿತು. ಲೀಕು ಎಲ್ಲಿಂದ ಹೊರಟಿತೆಂದು ನೋಡುವುದು ಇಬ್ಬರಿಗೂ ಮರೆತಿತ್ತು. ಮತ್ತೆ ಎಲ್ಲವನ್ನೂ ಒರೆಸಿ, ಉಳಿದ ಅರ್ಧ ಡಬ್ಬಿಯನ್ನೂ ಸುರಿಯಬೇಕಾಯಿತು.

ಎರಡನೆಯ ಸಲ ಮೂಲ ಸಿಕ್ಕಿತು. ಪಂಪಲ್ಲ, ಪೈಪಲ್ಲ, ವಾಷರಲ್ಲ. ಆಯಿಲಿನ ಡಬ್ಬಿಯ ಮುಚ್ಚಳ. ಸೋರುತ್ತದೆ ಸೋರುತ್ತದೆ ಎಂಬ ಹೆದರಿಕೆಯಿಂದ ನಾನು ಪ್ರತಿಸಲವೂ ಕಂಠಪೂರ್ತಿ ತುಂಬಿಸಿದ್ದೆ. ಬಿಸಿಯಾದಾಗ ಉಬ್ಬಿ ಮುಚ್ಚಳದ ಸಂದಿಯಿಂದ ಉಕ್ಕುತ್ತಿತ್ತು. ದನಕ್ಕೆ ಮದ್ದು ಕುಡಿಸುವ ಸಿರಿಂಜಿನಿಂದ ಹೆಚ್ಚಿನದ್ದನ್ನು ಎಳೆದು ತೆಗೆದೆ. ಗಾಡಿಯ ಅಡಿಯಲ್ಲಿ ಹಾಸಿದ ರಟ್ಟು ಮರುದಿನ ಬೆಳಿಗ್ಗೆ ಒಣಗಿಯೇ ಇತ್ತು. ಅದನ್ನು ಅತ್ತೆಗೂ ಶೇಷಪ್ಪಣ್ಣನಿಗೂ ಒಯ್ದು ತೋರಿಸಿದೆ.

ಇವರು ಬರುವ ದಿನ ಹಸಿರು ಸೀರೆ ಉಟ್ಟು, ಉಳಿದ ಆಯಿಲಿನ ಬಾಟ್ಲಿಯನ್ನು ಸೀಟಿನ ಪಕ್ಕದಲ್ಲಿಟ್ಟು ಹೊರಟೆ. ಬೆಳ್ಳಾರೆ ದಾಟಿದೆ. ಸ್ಟೇರಿಂಗು ಒಂದೇ ಬೆರಳಿಗೆ ತಿರುಗುತ್ತಿತ್ತು. ಮಾತಾಡಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸುತ್ತ ಹೋದೆ. ಫೋನಿನಲ್ಲಿ ಹೇಳಲಾಗದೆ ಉಳಿದದ್ದು ಬಹಳ ಇತ್ತು. ಮೊದಲು ಯಾವುದು, ಆಮೇಲೆ ಯಾವುದು ಎಂದು ಕ್ರಮ ಮಾಡಿಟ್ಟೆ. ಪಂಜ ದಾಟಿ ಒಂದು ಚೂಪು ತಿರುವಿನಲ್ಲಿ ಸ್ಟೇರಿಂಗನ್ನು ಪೂರಾ ತಿರುಗಿಸಿದೆ ನೋಡಿ, ಟಪ್ ಎಂದಿತು.

ಆ ಶಬ್ದದ ಪರಿಚಯ ನನಗಿತ್ತು. ಗಿಡ್ಡವಾದ ಹೋಸು ಎರಡೂ ಕ್ಲಿಪ್ಪುಗಳಿಗೆ ನಮಸ್ಕಾರ ಹೇಳಿ ಹೊರಟು ಹೋಗಿತ್ತು. ಬಗ್ಗಿ ತೊಡಿಸಿ, ಬಾಟ್ಲಿಯಲ್ಲಿದ್ದದ್ದನ್ನು ಸುರಿದು ಹೊರಟೆ. ಸ್ವಲ್ಪ ದೂರದಲ್ಲಿ ಮತ್ತೆ ಟಪ್. ಈಗ ಸುರಿಯಲು ಏನೂ ಇರಲಿಲ್ಲ. ಆಯಿಲಿಲ್ಲದ ಸ್ಟೇರಿಂಗು ಮೊಂಡು ಬಿದ್ದ ಕೋಣದ ಹಾಗೆ. ಪ್ರತಿ ತಿರುವಿಗೂ ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಿಂದ ಎಳೆಯಬೇಕು. ನೆಟ್ಟಣ ತಲುಪುವಾಗ ರೈಲು ಬಂದು, ಜನ ಇಳಿದು, ಸುಬ್ರಹ್ಮಣ್ಯಕ್ಕೆ ಹೋಗುವವರೆಲ್ಲ ಜೀಪು ಹತ್ತಿ ಹೋಗಿ, ಸ್ಟೇಷನ್ನು ಖಾಲಿಯಾಗಿತ್ತು.

ಇವರು ಹೊರಗೆ ಮರದಡಿಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದರು. ಅಷ್ಟು ದೂರದಿಂದ ಬಂದ ಮನುಷ್ಯ, ಬೆಳ್ಳಾರೆಗೆ ಬಸ್ಸು ಕಾಯುವವರ ಹಾಗೆ ಕೂತಿದ್ದರು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಫೋನಿನ ಪರದೆಯಲ್ಲಿ ಅದು ಕಂಡಿರಲಿಲ್ಲ. ನಾನು ಕರೆಯದೆ ಸ್ವಲ್ಪ ಹೊತ್ತು ನೋಡಿದೆ. ಎರಡು ವರ್ಷ ಕಾದದ್ದು ಅಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ಈಗ ಕೂಗಿದರೆ ಕಾಯುವುದು ಮುಗಿದು ಹೋಗುತ್ತದಲ್ಲ ಎಂದು ಯಾಕೋ ಹೆದರಿಕೆಯಾಯಿತು.

ಅವರೇ ತಿರುಗಿ ನೋಡಿದರು. ಎದ್ದು ಬಂದರು. ನಾನು ಕ್ರಮವಾಗಿ ಜೋಡಿಸಿಟ್ಟ ಮಾತುಗಳಲ್ಲಿ ಮೊದಲನೆಯದನ್ನು ಹೇಳಲು ಬಾಯಿ ತೆರೆದೆ.

"ಹೋಸ್ ಜಾರಿತು," ಎಂದೆ.

ಅವರು ನನ್ನ ಸೀರೆಯ ಮೇಲಿನ ಕೆಂಪು ನೋಡಿ ಗಾಬರಿಯಾಗಿದ್ದರು. ಆಯಿಲೆಂದು ತಿಳಿದ ಮೇಲೆ ಉಸಿರುಬಿಟ್ಟರು. ಪಂಪು ಹಾಕಿದ್ದು ಯಾರೆಂದು ಕೇಳಿದರು. ಹೇಳಿದೆ. ಬಾನೆಟ್ಟು ಎತ್ತಿ ಒಳಗೆ ಬಗ್ಗಿದವರು ಬಹಳ ಹೊತ್ತು ಮೇಲೆ ಏಳಲಿಲ್ಲ. ಕೊನೆಗೆ ಎದ್ದು, ಮೂಗನ್ನು ಒಮ್ಮೆ ಉಜ್ಜಿಕೊಂಡು, "ಗಾಡಿಗೆ ಪೌಡರ್ ಹಾಕಿದ್ದಾ ಮಾರಾಯ್ತಿ?" ಎಂದರು. ಆಮೇಲೆ ನನ್ನ ಕೈ ಹಿಡಿದು, ತಮ್ಮ ಕರ್ಚೀಫಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿದರು.

ಹತ್ತಿರದ ಅಂಗಡಿಯಲ್ಲಿ ಆಯಿಲು ಸಿಗಲಿಲ್ಲ. ಹಾಗೇ ನಿಧಾನವಾಗಿ ಹೋಗುವುದೆಂದಾಯಿತು. ಗಾಡಿ ನೀವು ಬಿಡಿ ಎಂದೆ. ಲೈಸೆನ್ಸಿನ ವಾಯಿದೆ ಮುಗಿದಿದೆ, ನೀನೇ ಬಿಡು ಎಂದು ಎಡಗಡೆ ಕೂತರು. ಮೊದಲನೆಯ ತಿರುವಿನಲ್ಲೇ ನನ್ನ ಕೈ ಸೋತಿತು. ಅವರು ಸೀಟಿನಲ್ಲಿ ಈಚೆ ಸರಿದು, ಬಲಗೈ ಚಾಚಿ ಸ್ಟೇರಿಂಗು ಹಿಡಿದರು. "ಎಳೆ," ಎಂದರು. ಎಳೆದೆವು. ಗಾಡಿ ತಿರುಗಿತು. ಮುಂದಿನ ತಿರುವಿಗೂ ಹಾಗೆಯೇ. ಅಷ್ಟು ತಿರುವುಗಳಿರುವ ದಾರಿಯನ್ನು ಯಾರು ಕಡಿದರೋ, ಆ ದಿನ ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ನಡುನಡುವೆ ನೇರ ರಸ್ತೆ ಬಂದಾಗಲೂ ಇವರು ಕೈ ತೆಗೆಯಲಿಲ್ಲ. ತೆಗೆಯಿರಿ ಎಂದು ನಾನೂ ಹೇಳಲಿಲ್ಲ. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿ ಹೋದರು.

ಮನೆಯ ಹತ್ತಿರ ಬರುವಾಗ ಸೂರ್ಯ ಮುಳುಗುವ ಹೊತ್ತು. ಅತ್ತೆ ಗೇಟಿನ ಹೊರಗೆ ರಸ್ತೆಯಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಾಯಿಯನ್ನು ಕಂಡದ್ದೇ ಇವರು ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದರು. ಅತ್ತೆ ಮಗನ ಎರಡೂ ಕೆನ್ನೆ ಹಿಡಿದು ಏನೋ ಹೇಳಿದರು, ಕೈ ಹಿಡಿದುಕೊಂಡು ಮೆಟ್ಟಲು ಹತ್ತಿಸಿ ಒಳಗೆ ಕರೆದುಕೊಂಡು ಹೋದರು. ಬಾಗಿಲು ಅವರ ಹಿಂದೆ ಅರ್ಧ ಮುಚ್ಚಿತು.

ನಾನು ಗೇಟಿಗೆ ತಿರುಗಿಸಲು ನೋಡಿದೆ. ಒಬ್ಬಳ ಕೈಗೆ ತಿರುಗಲಿಲ್ಲ. ಎದ್ದು ನಿಂತು ಎಳೆಯುವಾಗ ಕ್ಲಚ್ಚು ತಪ್ಪಿ, ಇಂಜಿನ್ನು ಆರಿ, ಪಿಕಪ್ಪು ರಸ್ತೆಗೆ ಅಡ್ಡವಾಗಿ ನಿಂತಿತು. ಮತ್ತೆ ಸ್ಟಾರ್ಟ್ ಆಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಸುಳ್ಯದ ಬಸ್ಸು ಬಂದು ಹಾರನ್ನು ಒತ್ತಿ ಹಿಡಿಯಿತು. ಕಂಡಕ್ಟರು ಇಳಿದು ಬಂದರು. ನಾಲ್ಕೈದು ಪ್ರಯಾಣಿಕರೂ ಬಂದರು. ತಳ್ಳಿ ಬದಿಗೆ ಹಾಕುವ ಎಂದರು. ಕಂಡಕ್ಟರು ಕಿಟಕಿಯ ಹತ್ತಿರ ಬಗ್ಗಿ, ಆಯಿಲಿನಲ್ಲಿ ಮಿಂದ ನನ್ನ ಸೀರೆಯನ್ನೂ ಮುಖವನ್ನೂ ನೋಡಿ, ತುಂಬ ಕನಿಕರದಿಂದ ಕೇಳಿದರು.

"ಎಲ್ಲಿಗೆ ಹೋಗ್ಲಿಕ್ಕುಂಟು ಅಕ್ಕ? ದೂರವಾ?"

ಒಳಗಿನಿಂದ ಅತ್ತೆಯ ನಗು ಕೇಳಿತು. ಇವರು ಏನೋ ಹೇಳುತ್ತಿದ್ದರು, ನಿಲ್ಲಿಸದೆ ಹೇಳುತ್ತಿದ್ದರು. ಆ ದನಿ ಫೋನಿನದ್ದಲ್ಲ.

"ಇಲ್ಲ, ಇಲ್ಲೇ," ಎಂದು ಹತ್ತು ಹೆಜ್ಜೆ ಆಚೆಗಿದ್ದ ಗೇಟನ್ನು ತೋರಿಸಿದೆ.

ಕಂಡಕ್ಟರು ಗೇಟನ್ನು ನೋಡಿದರು, ನನ್ನನ್ನು ನೋಡಿದರು, ಹಿಂದೆ ಹೋಗಿ ಎಲ್ಲರ ಜೊತೆ ತಳ್ಳಲು ನಿಂತರು. ಗಂಡನನ್ನು ಆಫ್ರಿಕದಿಂದ ಮನೆ ಮುಟ್ಟಿಸಿ ಆಗಿತ್ತು. ನಾನು ಮಾತ್ರ ಇನ್ನೂ ದಾರಿಯಲ್ಲೇ ಇದ್ದೆ.